ಚಿನ್ನದೊಳಗಿನ ಬೆಳ್ಳಿ

ಇಂಗೆಲಾ ಒಂದು ಕಡೆ ನೆಟ್ಟಗೆ ಕೂತದ್ದನ್ನು ಆ ಲ್ಯಾಬಿನಲ್ಲಿ ಯಾರೂ ಕಂಡಿಲ್ಲ. ಕಾಫಿಯ ಹೊತ್ತಿಗೆ ಎಲ್ಲರೂ ದಾಲ್ಚಿನ್ನಿ ಬನ್ ಮುರಿಯುತ್ತ ಕೂತಿದ್ದರೆ, ಇವಳು ಕಪ್ಪು ಹಿಡಿದು ಕಿಟಕಿಯಿಂದ ಸಿಂಕಿಗೆ, ಸಿಂಕಿನಿಂದ ಕಿಟಕಿಗೆ. ನಲವತ್ತು ದಾಟಿದ ಹೆಂಗಸು. ಔಷಧದಂಗಡಿಯಲ್ಲಿ ನಿಂತು, ಬೇರೆಯವರು ಕಂಡುಹಿಡಿದ ಮಾತ್ರೆಗಳನ್ನು ವರ್ಷಗಟ್ಟಲೆ ಎಣಿಸಿ ಕೊಟ್ಟವಳು. ಅದೇ ಮುದುಕ, ಅದೇ ಕಾಲಿನ ಹುಣ್ಣು, ಪ್ರತಿಸಲವೂ ಬೇರೆ ಆಂಟಿಬಯಾಟಿಕ್, ಯಾವುದಕ್ಕೂ ಬ್ಯಾಕ್ಟೀರಿಯಾ ಜಗ್ಗುತ್ತಿರಲಿಲ್ಲ. ನೋಡಿ ನೋಡಿ ರೋಸಿಹೋಗಿ, ಒಂದು ದಿನ ಅಂಗಡಿಯ ಕೋಟು ಬಿಚ್ಚಿಟ್ಟು ಸಂಶೋಧನೆಗೆಂದು ಗೋಥೆನ್‌ಬರ್ಗಿನ ವಿಶ್ವವಿದ್ಯಾಲಯಕ್ಕೆ ಬಂದಳು. ನೆಂಟರು ನಕ್ಕರು. ನಗಲಿ ಎಂದುಕೊಂಡಳು.

ಅವಳ ಗೈಡ್ ರುಟ್ಗೆರ್. ಎಲ್ಲರೂ ಅವನನ್ನು ಹೆಸರು ಹಿಡಿದು, ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಆ ಮನುಷ್ಯನಿಗೆ ಜೀವಮಾನವಿಡೀ ಒಂದೇ ಹುಚ್ಚು, ಚಿನ್ನ. ಕೊರಳಿಗೆ ಹಾಕುವ ಚಿನ್ನವಲ್ಲ, ರೋಗಕ್ಕೆ ಕೊಡುವ ಚಿನ್ನ. ಸರಿಯಾದ ಅಣುಗಳ ನಡುವೆ ಕೂರಿಸಿದರೆ ಅದು ಕ್ಯಾನ್ಸರ್ ಕೋಶವನ್ನೂ ಕೊಲ್ಲುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ ಎಂಬುದು ಅವನ ಹಟ. ಕ್ಯಾನ್ಸರಿನ ಮಟ್ಟಿಗೆ ಚಿನ್ನ ಅಷ್ಟಿಷ್ಟು ಮಾತು ಕೇಳಿತ್ತು. ಬ್ಯಾಕ್ಟೀರಿಯಾದ ಮಟ್ಟಿಗೆ ಅವನ ಒಂದೇ ಒಂದು ಹಳೆಯ ಸಂಯುಕ್ತ ಹೆಸರು ಮಾಡಿತ್ತು. ಇಂಗೆಲಾ ಅದೇ ಜಾಡು ಹಿಡಿದು ಅದಕ್ಕಿಂತಲೂ ಚುರುಕಾದದ್ದೊಂದನ್ನು ಮಾಡಿದ್ದಳು. ಅವಳ ಪಿಎಚ್.ಡಿ. ಪ್ರಬಂಧದ ನಾಲ್ಕನೆಯ ಅಧ್ಯಾಯ ಪೂರ್ತಿ ಅದರದ್ದೇ ಕಥೆ. ಬೇಸಿಗೆಗೆ ನಿವೃತ್ತನಾಗಲಿದ್ದ ರುಟ್ಗೆರ್, ಸಿಕ್ಕಿದವರಿಗೆಲ್ಲ ಆ ಅಧ್ಯಾಯದ ಸುದ್ದಿಯನ್ನೇ ಹೇಳುತ್ತಿದ್ದ.

ಶುಕ್ರವಾರ ಮೊಳೆ ಹೊಡೆಯುವ ದಿನ. ಅಲ್ಲಿನ ಪದ್ಧತಿಯಂತೆ ಅಚ್ಚಾದ ಪ್ರಬಂಧವನ್ನು ಎಲ್ಲರ ಎದುರು ಹಲಗೆಗೆ ಮೊಳೆ ಹೊಡೆದು ನೇತುಹಾಕಬೇಕು. ಆಮೇಲೆ ಮೂರು ವಾರ ಯಾರು ಬೇಕಾದರೂ ಓದಬಹುದು, ಕೊನೆಗೆ ಬಹಿರಂಗ ವಾದ. ಮೊಳೆ ಬಿತ್ತೆಂದರೆ ಅದರಲ್ಲಿರುವ ಪ್ರತಿ ಮಾತಿಗೂ ಬರೆದವರೇ ಜವಾಬ್ದಾರರು.

ಮಂಗಳವಾರ ಕಾಫಿಯ ಹೊತ್ತಿಗೆ ಮೈಕೆನ್ ಬಾಯಿಬಿಟ್ಟಳು. ಬ್ಯಾಕ್ಟೀರಿಯಾ ಬೆಳೆಸಿ, ಇವರ ಪುಡಿಗಳನ್ನು ಅದರ ಮೇಲೆ ಪರೀಕ್ಷೆ ಮಾಡುವವಳು ಅವಳು. ನಾಲಗೆ ಸ್ವಲ್ಪ ಉದ್ದ.

"ನಿನ್ನ ಚಿನ್ನಕ್ಕೆ ಏನಾಯ್ತೇ ಇಂಗೆಲಾ? ಕಿಟಕಿ ಹತ್ರ ಒಂದು ಸೀಸೆ ಮರೆತುಬಿಟ್ಟಿದ್ಯಲ್ಲ, ತಳ ಎಲ್ಲಾ ಕರ್ರಗಾಗಿದೆ. ನಮ್ಮಜ್ಜಿ ಬೆಳ್ಳಿ ಚಮಚ ಇದ್ದ ಹಾಗಿದೆ."

"ಬಿಸಿಲಿಗೆ ಚಿನ್ನದ್ದೂ ಕೆಡುತ್ತೆ, ಬಿಡೇ."

"ಚಿನ್ನ ಕೆಟ್ರೆ ನೇರಳೆ ಬಣ್ಣ ಬರುತ್ತೆ ಅಂತ ನೀನೇ ತಾನೆ ನಂಗೆ ಪಾಠ ಮಾಡಿದ್ದು? ಇದು ಮಸಿ ಕಣೇ, ಮಸಿ!"

ಮೈಕೆನ್ ನಕ್ಕು ಇನ್ನೊಂದು ಬನ್ನಿಗೆ ಕೈಹಾಕಿದಳು. ಇಂಗೆಲಾ ಕಾಫಿ ಕಪ್ಪು ಕೆಳಗಿಟ್ಟು ಲ್ಯಾಬಿನೊಳಕ್ಕೆ ನಡೆದಳು.

ಚಿನ್ನಕ್ಕೆ ಅಂಟಿದ ಕ್ಲೋರಿನ್ ಕೀಳಲು ಅವರು ಬೆಳ್ಳಿಯ ಲವಣ ಹಾಕುತ್ತಾರೆ. ಬೆಳ್ಳಿ ಕ್ಲೋರಿನ್ನನ್ನು ಹಿಡಿದುಕೊಂಡು ಒಡೆದ ಹಾಲಿನ ಹಾಗೆ ತಳಕ್ಕಿಳಿಯುತ್ತದೆ, ಸೋಸಿದರೆ ಆಯಿತು. ಆದರೆ ರುಟ್ಗೆರನ ಲ್ಯಾಬಿನಲ್ಲಿ ಒಂದು ರೂಢಿ. ಕ್ಲೋರಿನ್ ಚೂರೂ ಉಳಿಯದಿರಲೆಂದು ಬೆಳ್ಳಿಯನ್ನು ಬೇಕಾದದ್ದಕ್ಕಿಂತ ಒಂದು ಚಿಟಿಕೆ ಹೆಚ್ಚಿಗೆ ಹಾಕುವುದು. ಆ ಹೆಚ್ಚಿನದು ಎಲ್ಲಿ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಪುಡಿ ಶುದ್ಧವೇ ಎಂದು ತಿಳಿಯಲು ಅವರು ನೆಚ್ಚಿಕೊಂಡಿದ್ದ ಯಂತ್ರ ಹೈಡ್ರೋಜನ್ ನೋಡುತ್ತದೆ, ಇಂಗಾಲ ನೋಡುತ್ತದೆ, ಬೆಳ್ಳಿಯನ್ನು ನೋಡುವುದೇ ಇಲ್ಲ. ಬೆಳಕಿಗೆ ಕರ್ರಗಾಗುವುದು ಬೆಳ್ಳಿಯ ಲವಣದ ಗುಣ. ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಂತೂ ಅಜ್ಜಂದಿರ ಕಾಲದ ಸುದ್ದಿ.

ಅವಳು ಕಪಾಟಿನಲ್ಲಿ ಕತ್ತಲೆಯಲ್ಲಿಟ್ಟಿದ್ದ, ಇನ್ನೂ ಬೆಳ್ಳಗಿದ್ದ ಪುಡಿಯನ್ನೇ ತೆಗೆದು ಕರಗಿಸಿ ಉಪ್ಪುನೀರು ಬಿಟ್ಟಳು. ಬಿಳಿಯ ಮೋಡ ಕವಿಯಿತು. ಅಮೋನಿಯಾ ಬಿಟ್ಟಳು. ಮೋಡ ಕರಗಿ ನೀರು ತಿಳಿಯಾಯಿತು. ಶಾಲೆಯ ಮಕ್ಕಳು ಬೆಳ್ಳಿಯನ್ನು ಪತ್ತೆಹಚ್ಚುವುದು ಹೀಗೆಯೇ.

ಮರುದಿನ ಬೆಳ್ಳಿಯನ್ನು ತಕ್ಕಡಿಯಲ್ಲಿ ಕೂದಲೆಳೆಯಷ್ಟೂ ಹೆಚ್ಚಾಗದಂತೆ ತೂಗಿ, ಸಂಯುಕ್ತವನ್ನು ಹೊಸದಾಗಿ ಮಾಡಿ, ಉಪ್ಪುನೀರಿಗೆ ಮೋಡ ಕಟ್ಟುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಮೈಕೆನ್ ಕೈಗೆ ಕೊಟ್ಟಳು. ಆಮೇಲೆ ನದಿಯ ದಂಡೆಗೆ ಹೋದಳು, ತಿರುಗಿ ಬಂದಳು, ಟ್ರಾಮ್ ಹತ್ತಿದಳು, ಎರಡೇ ನಿಲ್ದಾಣಕ್ಕೆ ಇಳಿದಳು. ಕಪ್ಪಾದ ಸೀಸೆಯನ್ನು ಎಸೆದುಬಿಟ್ಟರೆ ಮುಗಿಯಿತಲ್ಲ ಎಂದು ಮನಸ್ಸು ಹೇಳುತ್ತಿತ್ತು. ಪುಸ್ತಕ ಅಚ್ಚಾಗಿ ಬಂದಿದೆ, ಊರಿಂದ ಅಮ್ಮ ಹೊರಟಿದ್ದಾಳೆ. ಈ ಯೋಚನೆಯೇ ಅವಳಿಗೆ ಅಸಹ್ಯವಾಯಿತು, ಆದರೂ ಅದು ಬಿಟ್ಟು ಹೋಗಲಿಲ್ಲ.

ಗುರುವಾರ ಬೆಳಗ್ಗೆ ಮೈಕೆನ್ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗಳನ್ನು ತಂದಿಟ್ಟಳು. ಈ ಸಲ ನಗಲಿಲ್ಲ.

"ನೋಡು. ಹಬ್ಬದೂಟ ಹಾಕಿದ ಹಾಗೆ ಬೆಳೆದಿವೆ. ನಿನ್ನ ಶುದ್ಧ ಚಿನ್ನಕ್ಕೆ ಒಂದೂ ಸತ್ತಿಲ್ಲ." ಆಮೇಲೆ ದನಿ ತಗ್ಗಿಸಿ, "ನಾನೇನೂ ನೋಡಿಲ್ಲ ಅಂದ್ಕೋತೀನಿ ಕಣೇ. ನೀನು ಹೇಳಿದ ಹಾಗೆ," ಎಂದಳು.

"ಹಾಗೆ ಹೇಳ್ಬೇಡ. ನಂಗೆ ಆಸೆಯಾಗುತ್ತೆ," ಎಂದಳು ಇಂಗೆಲಾ.

ಆ ದಿನವಿಡೀ ರುಟ್ಗೆರನ ಬಾಗಿಲವರೆಗೆ ಹೋಗಿ ಹೋಗಿ ಹಿಂದಿರುಗಿದಳು. ಕೊನೆಗೆ ಒಳಗೆ ಕಾಲಿಟ್ಟದ್ದು ಶುಕ್ರವಾರವೇ. ಕೆಳಗೆ ಅಂಗಳದಲ್ಲಿ ಕೇಕು, ಹಲಗೆ, ಸುತ್ತಿಗೆ ಎಲ್ಲ ಸಿದ್ಧ. ರುಟ್ಗೆರ್ ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಅವನ ಮುಖ ಕೆಂಪಾಯಿತು. "ಇವತ್ತು ಹೇಳ್ತೀಯಾ ಇದನ್ನ? ಇವತ್ತು?"

"ನಾಳೆ ಹೇಳಿದ್ರೆ ಮೋಸ ಆಗ್ತಿತ್ತು, ರುಟ್ಗೆರ್."

"ಸೋಸೋದ್ರಲ್ಲಿ ಎಡವಟ್ಟು ಮಾಡಿದ್ದೀಯ. ಅಷ್ಟೇ. ಸಂಯುಕ್ತದ್ದೇನೂ ತಪ್ಪಿಲ್ಲ."

"ಸೋಸಿದ್ದು ಸರಿಯಾಗೇ ಇದೆ. ನಿನ್ನ ಹಳೇ ಪೇಪರಿನಲ್ಲಿ ಬರೆದಿದ್ಯಲ್ಲ, ಅದನ್ನೇ ಮಾಡಿದ್ದೀನಿ. ಒಂದು ಅಕ್ಷರ ಆಚೀಚೆ ಮಾಡಿಲ್ಲ."

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅದರ ಅರ್ಥ ಅವಳಿಗೂ ಹೊಳೆದದ್ದು. ಮೂರು ದಿನದಿಂದ ತನ್ನ ಅಧ್ಯಾಯಕ್ಕೆ ಅತ್ತಿದ್ದಳೇ ಹೊರತು, ಅದೇ ರೂಢಿಯಲ್ಲಿ ಮಾಡಿದ ಅವನ ಹೆಸರಾಂತ ಸಂಯುಕ್ತದ ಯೋಚನೆ ಅವಳಿಗೆ ಬಂದೇ ಇರಲಿಲ್ಲ.

ರುಟ್ಗೆರ್ ಕನ್ನಡಿಯಿಂದ ತಿರುಗಿದ. ಬೀರು ತೆರೆದು, ಕಪ್ಪು ಕಾಗದ ಸುತ್ತಿದ್ದ, ತನ್ನ ಹಳೆಯ ಸಂಯುಕ್ತದ ಸೀಸೆಯನ್ನು ತೆಗೆದುಕೊಂಡು ಲ್ಯಾಬಿಗೆ ನಡೆದ. ಇಂಗೆಲಾ ಸಹಾಯಕ್ಕೆ ಕೈಚಾಚಿದರೆ ತಳ್ಳಿದ. ತಾನೇ ಕರಗಿಸಿದ, ತಾನೇ ಉಪ್ಪುನೀರು ಬಿಟ್ಟ. ಮೋಡ ಕಟ್ಟಿತು. ಅಮೋನಿಯಾ ಬಿಡುವಾಗ ಅರ್ಧ ಹೊರಗೆ ಚೆಲ್ಲಿತು. ಒಳಗೆ ಬಿದ್ದಷ್ಟೇ ಸಾಕಾಗಿತ್ತು, ನೀರು ತಿಳಿಯಾಯಿತು. ಅವನು ಆ ನಳಿಕೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಇವನ ಜೀವಮಾನದ ಕೆಲಸವನ್ನೇ ಕೊಂದೆನಲ್ಲ ಎಂದುಕೊಂಡಳು ಇಂಗೆಲಾ.

"ನಾನು ಹೋಗಿ ಹೇಳ್ತೀನಿ," ಎಂದಳು. "ನನ್ನ ಕೈ ತಪ್ಪು ಅಂತ ಹೇಳಿದ್ರೆ ಸಾಕು. ಹಳೇದನ್ನ ಯಾರು ಕೇಳ್ತಾರೆ?"

"ಸುಮ್ನಿರು."

ಅವನು ಆ ನಳಿಕೆಯನ್ನು ಹಿಡಿದುಕೊಂಡೇ ಮೆಟ್ಟಿಲಿಳಿದ. ಅಂಗಳದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಇಂಗೆಲಾಳ ಅಮ್ಮ ಮುಂದಿನ ಸಾಲಿನಲ್ಲಿದ್ದಳು.

"ಇವತ್ತು ಮೊಳೆ ಹೊಡೆಯೋದಿಲ್ಲ," ಎಂದ ರುಟ್ಗೆರ್. "ನಾಲ್ಕನೇ ಅಧ್ಯಾಯ ತಪ್ಪು. ಕೊಂದಿದ್ದು ಚಿನ್ನ ಅಲ್ಲ, ಅದರಲ್ಲಿ ಉಳ್ಕೊಂಡಿದ್ದ ಬೆಳ್ಳಿ."

ಎಲ್ಲರೂ ಇಂಗೆಲಾಳ ಕಡೆ ತಿರುಗಿದರು.

"ಅವಳನ್ನೇನು ನೋಡ್ತೀರಿ?" ಅವನು ಗದರಿದ. "ತಪ್ಪು ಮಾಡೋದನ್ನ ಕಲಿಸಿದವನು ನಾನು. ಅದನ್ನ ಹಿಡಿಯೋದನ್ನ ಅವಳಿಗೆ ಯಾರೂ ಕಲಿಸಿರಲಿಲ್ಲ."