ಮೂರು ಊರಿಗೆ ಒಂದೇ ಅಳತೆ

ಹಬ್ಬದ ಹಿಂದಿನ ಭಾನುವಾರ ದೇವರ ಮನೆಯ ಹಿತ್ತಾಳೆ ಸಾಮಾನನ್ನೆಲ್ಲ ಹಿತ್ತಲಿಗೆ ತಂದು ಹಾಕಿಕೊಂಡು, ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ ಕೂತಿದ್ದೆ. ಬೆರಳಿಗೆ ಅಂಟಿದ ಹುಳಿ ವಾಸನೆ, ಅದರ ಜೊತೆ ಹಿತ್ತಾಳೆಯ ಸಣ್ಣ ಕಮಟು... ಬೇರೆಯವರಿಗೆ ಅದು ಹಬ್ಬದ ವಾಸನೆ. ನನಗೆ ಮಾತ್ರ ಎದುರುಮನೆ ಕಾಕಾ ನೆನಪಾದರು. ಕೈಯಲ್ಲಿದ್ದ ದೀಪದ ಕಂಬವನ್ನು ಹಾಗೇ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ, ಒಳಗಿನಿಂದ ಕುಕ್ಕರ್ ಕೂಗಿದಾಗಲೇ ಎಚ್ಚರವಾದದ್ದು.

ಕಾಕಾ ಬೈಲಹೊಂಗಲದ ಕಡೆಯವರು. ನಾನು ಗದಗಿನವಳು. ಮದುವೆಯಾಗಿ ಈ ಬಡಾವಣೆಗೆ ಬಂದಾಗ, ನಮ್ಮ ಕಡೆಯ ಮಾತು ಕಿವಿಗೆ ಬಿದ್ದ ಮೊದಲ ಮನೆ ಅವರದು. ಹಾಗಾಗಿ ಕೇಳದೆಯೇ ಕಾಕಾ ಅಂದುಬಿಟ್ಟೆ. ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಬೆಂಕಿ ಆರಿಸುವ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ನಿವೃತ್ತರಾಗಿದ್ದರು. ಹೊಸಬರ ಮನೆಗೆ ಹೋದರೆ ಎಲ್ಲರೂ ಊರು ಯಾವುದು, ಮಕ್ಕಳೆಷ್ಟು ಎಂದು ಕೇಳಿದರೆ ಇವರು ನೇರವಾಗಿ ಅಡುಗೆಮನೆಗೆ ನುಗ್ಗಿ ಸಿಲಿಂಡರ್ ಎಲ್ಲಿದೆ ಎಂದು ನೋಡುತ್ತಿದ್ದರು. ನಮ್ಮ ಗೃಹಪ್ರವೇಶದ ದಿನವೂ ಹಾಗೇ ಮಾಡಿದರು. ಅತ್ತೆಗೆ ಸಿಟ್ಟು ಬಂದಿತ್ತು. ಕಾಕಾ ಅದನ್ನು ಗಮನಿಸಲೇ ಇಲ್ಲ. ಸಿಲಿಂಡರನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ಎರಡು ಹೋಳಿಗೆ ತಿಂದು ಹೋದರು.

ನಮ್ಮ ಬಡಾವಣೆ ಇರುವುದೇ ಒಂದು ವಿಚಿತ್ರ ಜಾಗದಲ್ಲಿ. ಒಂದು ಬದಿಗೆ ಶೆಟ್ಟಿಹಳ್ಳಿ, ಇನ್ನೊಂದು ಬದಿಗೆ ಚಿಕ್ಕಬಾಣಾವರಕ್ಕೆ ಹೋಗುವ ರಸ್ತೆ, ನಡುವೆ ನಾವು. ಆಗ ಈ ಮೂರಕ್ಕೂ ಬೇರೆ ಬೇರೆ ಆಡಳಿತ, ಬೇರೆ ಬೇರೆ ಕಚೇರಿ. ಒಂದೇ ರಸ್ತೆಯ ಅರ್ಧಕ್ಕೆ ದೀಪ ಇರುತ್ತಿತ್ತು, ಉಳಿದರ್ಧ ಕತ್ತಲು. ಕಸದ ಗಾಡಿ ಒಂದು ಕಂಬದವರೆಗೆ ಬಂದು ಅಲ್ಲಿಂದಲೇ ತಿರುಗಿ ಹೋಗುತ್ತಿತ್ತು. ಕೇಳಿದರೆ, "ಅದು ನಮ್ ಲಿಮಿಟ್ಸ್ ಅಲ್ಲ ಮೇಡಂ" ಅನ್ನುವ ಮಾತು. ನಮಗೂ ಅದೇ ಅಭ್ಯಾಸವಾಗಿಹೋಗಿತ್ತು.

ಆ ಅಭ್ಯಾಸ ಮುರಿದದ್ದು ಬಡಗಿಯ ಶೆಡ್ಡಿಗೆ ಬೆಂಕಿ ಬಿದ್ದ ದಿನ.

ಬೇಸಿಗೆಯ ಮಧ್ಯಾಹ್ನ. ಮೂರೂ ಕಡೆಯವರು ಓಡಾಡುವ ತಿರುವಿನಲ್ಲಿ ಬಡಗಿಯೊಬ್ಬರು ಶೆಡ್ ಹಾಕಿಕೊಂಡಿದ್ದರು. ಹಿಂದೆಯೇ ಅವರ ಸಂಸಾರದ ಎರಡು ಕೋಣೆ. ಮರದ ಹೊಟ್ಟು, ಪಾಲಿಶ್ ಡಬ್ಬಿಗಳು. ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಗ್ನಿಶಾಮಕ ಗಾಡಿ ದೂರದಿಂದ ಬಂದರೂ ಬೇಗನೇ ಬಂತು. ಸುತ್ತಲಿನ ನೀರಿನ ಟ್ಯಾಂಕರುಗಳೂ ಬಂದವು: ಶೆಟ್ಟಿಹಳ್ಳಿಯದು ಒಂದು, ಚಿಕ್ಕಬಾಣಾವರ ಕಡೆಯದು ಒಂದು, ನಮ್ಮ ಬಡಾವಣೆಯದು ಒಂದು. ಇನ್ನೇನು ಆರಿತು ಅಂದುಕೊಂಡೆವು. ಅಷ್ಟರಲ್ಲಿ ಅಗ್ನಿಶಾಮಕ ಗಾಡಿಯ ನೀರು ಮುಗಿಯಿತು.

ಮೂರು ಟ್ಯಾಂಕರುಗಳಲ್ಲಿ ನೀರು ತುಂಬಿ ತುಳುಕುತ್ತಿತ್ತು. ಆದರೆ ಯಾವುದರ ಪೈಪಿನ ಬಾಯಿಯೂ ಅಗ್ನಿಶಾಮಕ ಗಾಡಿಗೆ ಕೂರುತ್ತಿರಲಿಲ್ಲ. ಒಂದು ದಪ್ಪ, ಒಂದು ಸಣ್ಣ, ಮತ್ತೊಂದರ ತಿರುಪು ಉಲ್ಟಾ. ಕಾಕಾ ತಮ್ಮ ಲುಂಗಿಯ ಅಂಚನ್ನೇ ಹರಿದು ಪೈಪಿಗೆ ಸುತ್ತಿ ಒತ್ತಿ ಹಿಡಿದರು. ನೀರು ಸಿಡಿದು ಅವರನ್ನೇ ತೋಯಿಸಿತೇ ಹೊರತು ಒಂದು ಹನಿಯೂ ಗಾಡಿಗೆ ಹೋಗಲಿಲ್ಲ. ಜನ ಬಿಂದಿಗೆಯಲ್ಲಿ ಹಿಡಿದು ಎರಚಿದರು. ಅಗ್ನಿಶಾಮಕ ಗಾಡಿ ನೀರು ತುಂಬಿಸಿಕೊಳ್ಳಲು ಹೋಗಿ ವಾಪಸ್ ಬರುವ ಹೊತ್ತಿಗೆ ಶೆಡ್ಡೂ ಇರಲಿಲ್ಲ, ಕೋಣೆಗಳೂ ಇರಲಿಲ್ಲ. ಜೀವಕ್ಕೆ ಏನೂ ಆಗಲಿಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಬಡಗಿಯ ಹೆಂಡತಿ ರಸ್ತೆ ಬದಿಯಲ್ಲಿ ಕೂತು, ತುಂಬಿದ ಆ ಟ್ಯಾಂಕರುಗಳನ್ನೇ ನೋಡುತ್ತಿದ್ದಳು. ಅಳುತ್ತಲೂ ಇರಲಿಲ್ಲ... ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ಮಾರನೆಯ ಬೆಳಿಗ್ಗೆ ಕಾಕಾ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ನೋಟ್‌ಬುಕ್.

"ಏನವಾ, ನಿನ್ನ ಅಕ್ಷರ ಚಂದ ಅದಾವ. ನನ್ನ ಕೂಡ ಬಾ. ನಾ ಅಳತಿ ಹೇಳ್ತೀನಿ, ನೀ ಬರಕೋ."

ನಾನು ಆಗ ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಬೇಸಿಗೆ ರಜೆ ಇತ್ತು. ಕಾಕಾ ಮುಂದೆ, ನಾನು ಹಿಂದೆ, ಮೂರೂ ಕಡೆಯ ಟ್ಯಾಂಕರುಗಳನ್ನು ಹುಡುಕಿಕೊಂಡು ನಾಲ್ಕು ದಿನ ಅಲೆದೆವು. ಪ್ರತಿಯೊಂದರ ಪೈಪಿನ ಬಾಯಿಗೂ ಅವರು ಅಳತೆಯ ಕಡ್ಡಿ ಹಿಡಿದು ನೋಡಿದರು. ಹನ್ನೊಂದು ಟ್ಯಾಂಕರು, ಐದು ಬಗೆಯ ಅಳತೆ. ಆಮೇಲೆ ಪರಿಚಯದ ಲೇತ್ ಅಂಗಡಿಯಲ್ಲಿ ಕೂತು ಹಿತ್ತಾಳೆಯ ಬಳೆಗಳನ್ನು ಮಾಡಿಸಿದರು. ಅದಕ್ಕೆ ಅವರು ಕಪ್ಲಿಂಗ್ ಅನ್ನುತ್ತಿದ್ದರು. ಅದರ ಒಂದು ಬದಿ ಆಯಾ ಟ್ಯಾಂಕರಿಗೆ ಕೂರುವಂತೆ. ಇನ್ನೊಂದು ಬದಿ ಮಾತ್ರ ಎಲ್ಲದಕ್ಕೂ ಒಂದೇ ಅಳತೆ, ಅಗ್ನಿಶಾಮಕ ಗಾಡಿಯ ಅಳತೆ.

ಬಳೆ ಮಾಡಿಸುವುದು ಸುಲಭವಿತ್ತು. ಜನರನ್ನು ಒಪ್ಪಿಸುವುದು ಕಷ್ಟವಾಯಿತು.

ಶೆಟ್ಟಿಹಳ್ಳಿ ಕಡೆ ಹೆಚ್ಚು ಟ್ಯಾಂಕರು ಇದ್ದದ್ದು ಹಳೆಯ ಒಕ್ಕಲು ಮನೆತನದ ಒಬ್ಬ ಗೌಡರ ಬಳಿ. ಹೊಲವಿದ್ದ ಜಾಗದಲ್ಲೆಲ್ಲ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರೂ ಅವರ ಮಾತು, ಸಿಟ್ಟು ಎರಡೂ ಊರಿನದಾಗಿಯೇ ಉಳಿದಿದ್ದವು. ಹಿಂದಿನ ಬೇಸಿಗೆಯಲ್ಲಿ ಆಚೆ ಕಡೆಯ ಕೆಲವರು ಅವರ ಟ್ಯಾಂಕರನ್ನು ರಸ್ತೆಯಲ್ಲಿ ತಡೆದಿದ್ದರಂತೆ.

"ಅಂಗಲ್ಲ ಸಾಮಿ, ನನ್ ಗಾಡೀನ ಅಡ್ಡ ಆಕಿದೋರ ಮನೆಗೆ ಬೆಂಕಿ ಬಿದ್ರೆ ನಾನೇ ನೀರು ಒತ್ಕೊಂಡು ಓಗ್ಬೇಕಾ?" ಎಂದು ಗೌಡರು ಕುರ್ಚಿಯಿಂದಲೇ ಕೇಳಿದರು.

"ಹೌದ್ರಿ," ಅಂದರು ಕಾಕಾ.

ಅಷ್ಟೇ. ಮುಂದೆ ವಿವರಣೆಯಿಲ್ಲ. ಗೌಡರು ಏನೋ ಬೈದರು. ನಾವು ಎದ್ದು ಬಂದೆವು. ಚಿಕ್ಕಬಾಣಾವರ ಕಡೆಯ ಪಂಚಾಯಿತಿ ಸದಸ್ಯೆ ಮರ್ಯಾದೆಯಿಂದ ಕಾಫಿ ಕೊಟ್ಟರು, ಆದರೆ ಅವರದೂ ಒಂದೇ ಮಾತು: "ಮೊದ್ಲು ಅವ್ರು ಒಪ್ಲಿ ಕಣ್ರೀ, ಆಮೇಲೆ ನೋಡೋಣ." ದಾರಿಯಲ್ಲಿ ನನಗೆ ಅಳುವೇ ಬಂದಿತ್ತು. ನಾವು ಕೇಳುತ್ತಿದ್ದದ್ದು ಒಂದು ಹಿತ್ತಾಳೆ ಬಳೆಯನ್ನು ಹಾಕಿಸಿಕೊಳ್ಳಿ ಎಂದಷ್ಟೇ ಅಲ್ಲವೇ? ಕಾಕಾ ಮಾತ್ರ ಬಿಸಿಲಿಗೆ ಟವೆಲ್ಲು ತಲೆಗೆ ಹಾಕಿಕೊಂಡು ಆರಾಮಾಗಿ ನಡೆಯುತ್ತಿದ್ದರು.

ಅವರು ಮಾಡಿದ್ದು ಇಷ್ಟು. ಒಂದು ಭಾನುವಾರ ಬೆಳಿಗ್ಗೆ ಕೆರೆ ಪಕ್ಕದ ಬಯಲಿಗೆ ಮೂರೂ ಕಡೆಯವರನ್ನು ಕರೆದರು. ಸಭೆ ಅನ್ನಲಿಲ್ಲ, "ಉಪ್ಪಿಟ್ಟು ಐತಿ, ಬರ್ರಿ" ಅಂದರು. ಬಯಲಿನಲ್ಲಿ ಒಣ ಸೌದೆ ರಾಶಿ ಹಾಕಿ, ಸುಟ್ಟುಹೋದ ಶೆಡ್ಡಿನ ಬಡಗಿಯ ಕೈಯಿಂದಲೇ ಬೆಂಕಿ ಹಚ್ಚಿಸಿದರು. ಆ ಮನುಷ್ಯನನ್ನು ನೋಡಿದ ಮೇಲೆ ಹೊರಡಲು ಎದ್ದವರೂ ಅಲ್ಲೇ ನಿಂತರು. ಕಾಕಾ ನಮ್ಮ ಬಡಾವಣೆಯ ಟ್ಯಾಂಕರಿಗೆ ಬಳೆ ಕೂರಿಸಿ, ಅದಕ್ಕೆ ಸಣ್ಣ ಪಂಪು, ಪೈಪು ಜೋಡಿಸಿ ನೀರು ಹೊಡೆಸಿದರು. ನೀರು ಅರ್ಧಕ್ಕೆ ಬಂದಾಗ ಗೌಡರ ಕಡೆ ತಿರುಗಿ, ಒಂದು ಬಳೆಯನ್ನು ಅವರ ಕೈಯಲ್ಲಿಟ್ಟರು.

ಗೌಡರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಡೆಗೆ ತಾವೇ ಪಂಚೆ ಎತ್ತಿ ಕಟ್ಟಿ ತಮ್ಮ ಟ್ಯಾಂಕರಿಗೆ ಹಾಕಿ ತಿರುಗಿಸಿದರು. ಟಕ್ ಎಂದು ಕೂತಿತು. ಶೆಟ್ಟಿಹಳ್ಳಿಯ ನೀರು ನಮ್ಮ ಪೈಪಿನಲ್ಲಿ ಹರಿದು ಬೆಂಕಿಯ ಮೇಲೆ ಬಿತ್ತು.

"ಅವರದ್ದಕ್ಕೂ ಇಂಗೇ ಕೂರುತ್ತಾ?" ಗೌಡರು ಆಚೆ ಕಡೆಯ ಟ್ಯಾಂಕರಿನತ್ತ ಕೈ ತೋರಿದರು.

"ನೀವ ಹಾಕಿ ನೋಡ್ರಿ," ಅಂದರು ಕಾಕಾ.

ಗೌಡರು ಆಚೆಗೆ ಹೋದರು, ಪಂಚಾಯಿತಿ ಸದಸ್ಯೆ ಈಚೆಗೆ ಬಂದರು. ಇಬ್ಬರೂ ಪೈಪಿನ ಒಂದೊಂದು ತುದಿ ಹಿಡಿದು ನಿಂತ ದೃಶ್ಯ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಉಪ್ಪಿಟ್ಟು ತಿನ್ನುವಾಗ ಒಂದು ಒಪ್ಪಂದವಾಯಿತು. ಎಲ್ಲೇ ಬೆಂಕಿ ಬೀಳಲಿ, ಯಾವ ಟ್ಯಾಂಕರು ಹತ್ತಿರವಿದೆಯೋ ಅದು ಮೊದಲು ಹೋಗಬೇಕು. ಯಾರ ಲಿಮಿಟ್ಸ್ ಎಂದು ಕೇಳಬಾರದು. ಮೂರೂ ಕಡೆಯ ಫೋನ್ ನಂಬರುಗಳನ್ನು ನಾನು ದಪ್ಪ ಅಕ್ಷರದಲ್ಲಿ ಬರೆದೆ. ಹಾಲಿನ ಬೂತು, ರೇಷನ್ ಅಂಗಡಿ, ಶಾಲೆಯ ಗೋಡೆ, ಎಲ್ಲ ಕಡೆ ಅಂಟಿಸಿದರು. ಅಂದಿನಿಂದ ತಿಂಗಳಿಗೊಂದು ಭಾನುವಾರ ಬಳೆಗಳೆಲ್ಲ ಕಾಕಾ ಮನೆಗೆ ಬರುತ್ತಿದ್ದವು. ಅವರು ನನ್ನ ಹತ್ತಿರ ಒಂದು ಹಿಡಿ ಹುಣಸೆಹಣ್ಣು ಇಸಿದುಕೊಂಡು, ಜಗಲಿಯಲ್ಲಿ ಕೂತು, ತಿರುಪಿನ ಸಂದಿಯನ್ನೆಲ್ಲ ಹಳೆಯ ಬ್ರಶ್ಶಿನಿಂದ ಉಜ್ಜುತ್ತಿದ್ದರು. "ಹೊಳಪಿಗಲ್ಲವಾ, ಕಿಲುಬು ಹಿಡದ್ರ ಆ ಹೊತ್ತಿಗೆ ತಿರುಗೂದಿಲ್ಲ," ಅನ್ನುತ್ತಿದ್ದರು.

ಆ ಹೊತ್ತು ಬಂದದ್ದು ಎರಡು ವರ್ಷದ ನಂತರ, ನನ್ನ ಶಾಲೆಗೇ.

ಶಾಲೆಯ ಗೋಡೆಗೆ ತಾಗಿದಂತೆ ಹಾಸಿಗೆ ಹೊಲಿಯುವ ಒಂದು ಶೆಡ್ ಇತ್ತು. ಹತ್ತಿ, ಸ್ಪಂಜು ಒಟ್ಟಿದ್ದರು. ಊಟದ ಗಂಟೆ ಮುಗಿದು ಮೂರನೇ ತರಗತಿಗೆ ಮಗ್ಗಿ ಹೇಳಿಸುತ್ತಿದ್ದೆ. ಕಿಟಕಿಯಿಂದ ಕಪ್ಪು ಹೊಗೆ ಒಳಗೆ ಬಂತು. ಗೋಡೆಯ ಮೇಲಿದ್ದ, ನಾನೇ ಬರೆದ ಆ ಹಾಳೆ ನೋಡಿ ಮೊದಲ ನಂಬರಿಗೆ ಫೋನ್ ಮಾಡಿದೆ. ನನ್ನ ದನಿ ಹೇಗಿತ್ತೋ, ಆ ಕಡೆಯಿಂದ ಗೌಡರು, "ಬಂದೆ ಬಂದೆ" ಅಂದದ್ದಷ್ಟೇ ಕೇಳಿಸಿತು.

ಮಕ್ಕಳನ್ನೆಲ್ಲ ಹೊರಗೆ ತಂದು ಎದುರಿನ ಬಯಲಿನಲ್ಲಿ ಕೂರಿಸಿದೆವು. ಅಷ್ಟರಲ್ಲಿ ಪಂಪು ಸಮೇತ ಗೌಡರ ಟ್ಯಾಂಕರು ಬಂದಿತ್ತು, ಅವರೇ ಡ್ರೈವರ್ ಪಕ್ಕ ಕೂತಿದ್ದರು. ಕಾಕಾ ಮಂಡಿ ನೋವಿನಲ್ಲೂ ಓಡಿ ಬಂದರು. ಬಂದವರು ಬೆಂಕಿಯ ಕಡೆ ನೋಡಲಿಲ್ಲ, ನನ್ನನ್ನು ನೋಡಿದರು.

"ಎಣಿಸಿದಿ ಏನು?"

ಎಣಿಸಿದೆ. ಎಪ್ಪತ್ತೊಂದಿರಬೇಕಿತ್ತು. ಎಪ್ಪತ್ತು ಇದ್ದವು.

ಮತ್ತೆ ಗಟ್ಟಿಯಾಗಿ ಎಣಿಸಿದೆ. ಎಪ್ಪತ್ತೇ. ನನ್ನ ತರಗತಿಯ, ಸದಾ ಕಡೆಯ ಬೆಂಚಿನಲ್ಲಿ ಕೂರುವ ಸಣ್ಣ ಹುಡುಗಿ ಕಾಣಲಿಲ್ಲ. ನಾನು ಒಳಕ್ಕೆ ಓಡಿದೆ. ಹಿಂದಿನಿಂದ ಕಾಕಾ, "ಬಗ್ಗಿ ಹೋಗವಾ, ನೆಲಾ ಹಿಡದು ಹೋಗು!" ಎಂದು ಕೂಗಿದ್ದು ಕೇಳಿಸಿತು. ನೆಲಕ್ಕೆ ಅಂಟಿಕೊಂಡಂತೆ ಹೋದೆ. ಮೇಲೆಲ್ಲ ಹೊಗೆ, ಕೆಳಗೆ ಮಾತ್ರ ಒಂದಿಷ್ಟು ಗಾಳಿ. ಹುಡುಗಿ ಬೆಂಚಿನ ಕೆಳಗೆ ಮುದುಡಿ ಕಿವಿ ಮುಚ್ಚಿಕೊಂಡು ಕೂತಿತ್ತು. ಆ ಪಕ್ಕದ ಗೋಡೆ ಬಿಸಿಯಾಗಿತ್ತು. ಆದರೆ ಗೋಡೆಯಾಚೆ ನೀರು ಒಂದೇ ಸಮನೆ ಬಡಿಯುವ ಸದ್ದು... ಅದು ನಿಲ್ಲಲಿಲ್ಲ. ನಿಂತಿದ್ದರೆ ಆ ಮಾಡು ಉಳಿಯುತ್ತಿರಲಿಲ್ಲ, ನಾವಿಬ್ಬರೂ ಉಳಿಯುತ್ತಿರಲಿಲ್ಲ. ಹುಡುಗಿಯನ್ನು ತಬ್ಬಿ ಎಳೆದುಕೊಂಡು ಹೊರಗೆ ಬಂದೆ. ಕಾಕಾ ಬಾಗಿಲಲ್ಲೇ ನಿಂತಿದ್ದರು. "ಎಪ್ಪತ್ತೊಂದು," ಅಂದರು. ಆಮೇಲೆ ತಿರುಗಿ ಟ್ಯಾಂಕರಿನ ಕಡೆ ನಡೆದರು.

ಅಗ್ನಿಶಾಮಕ ಗಾಡಿ ಬಂದಾಗ ಮೂರೂ ಕಡೆಯ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು. ಒಂದು ಮುಗಿಯುತ್ತಿದ್ದಂತೆ ಇನ್ನೊಂದು, ಅದು ಮುಗಿಯುತ್ತಿದ್ದಂತೆ ಮತ್ತೊಂದು. ನೀರು ತರಲು ಗಾಡಿ ಎಲ್ಲಿಗೂ ಹೋಗಬೇಕಾಗಲಿಲ್ಲ. ಶೆಡ್ ಸುಟ್ಟಿತು, ಶಾಲೆಯ ಒಂದು ಹೆಂಚೂ ಬೀಳಲಿಲ್ಲ. ಬೆಂಕಿ ಆರಿದ ಮೇಲೆ ಗಾಡಿಯ ಅಧಿಕಾರಿ ಬಳೆಯೊಂದನ್ನು ಕೈಯಲ್ಲಿ ಹಿಡಿದು, "ಇದನ್ನ ಯಾರ್ರೀ ಮಾಡ್ಸಿದ್ದು?" ಎಂದು ಕೇಳಿದರು.

ಗೌಡರು ಕಾಕಾನ ಹೆಗಲ ಮೇಲೆ ಕೈ ಹಾಕಿ ಮುಂದಕ್ಕೆ ತಂದರು. "ಇವ್ರೇ ಸಾ. ಮನೆ ಬಾಗ್ಲಿಗೆ ಬಂದಾಗ ನಾನು ಬಾಯಿಗೆ ಬಂದಂಗೆ ಬೈದಿದ್ದೆ." ಅಷ್ಟು ಜನರ ಮುಂದೆ ಅದನ್ನು ಒಪ್ಪಿಕೊಂಡ ಗೌಡರ ಮೇಲೂ ಅವತ್ತು ನನಗೆ ಹೆಮ್ಮೆ ಬಂತು. ಅಧಿಕಾರಿ ಕಾಕಾಗೆ ಸೆಲ್ಯೂಟ್ ಹೊಡೆದರು. ಕಾಕಾ ಹಳೆಯ ಅಭ್ಯಾಸದಂತೆ ತಟ್ಟನೆ ಎರಡೂ ಪಾದ ಜೋಡಿಸಿ ನೆಟ್ಟಗೆ ನಿಂತರು. ಮಸಿ ಮೆತ್ತಿದ ಬನಿಯನ್, ಒದ್ದೆ ಲುಂಗಿ... ಸಮವಸ್ತ್ರದಲ್ಲಿದ್ದವರೂ ಅಷ್ಟು ಚೆಂದ ಕಾಣುತ್ತಿರಲಿಲ್ಲ.

ಸನ್ಮಾನ ಮಾಡುತ್ತೇವೆ ಎಂದು ಮೂರೂ ಕಡೆಯವರು ಪೈಪೋಟಿಗೆ ಬಿದ್ದರು. ಕಾಕಾ ಶಾಲು ಬೇಡ ಅಂದರು, ಶಾಲೆಯಲ್ಲಿ ಮೂರು ತಿಂಗಳಿಗೊಮ್ಮೆ ಮಕ್ಕಳನ್ನು ಹೊರಗೆ ಕರೆತಂದು ಎಣಿಸುವ ಅಭ್ಯಾಸ ಮಾಡಿಸಿ ಅಂದರು. ಮಾಡಿಸಿದೆವು. ಮುಂದೆ ಹೆಸರಘಟ್ಟ ರಸ್ತೆಯ ಇನ್ನೂ ಕೆಲವು ಊರಿನವರು ಅಳತೆ ಕೇಳಿಕೊಂಡು ಬಂದರು. ಕಾಕಾ ಎಲ್ಲರಿಗೂ ನನ್ನ ನೋಟ್‌ಬುಕ್ ತೋರಿಸಿ, "ನಮ್ಮ ಟೀಚರಮ್ಮ ಬರದದ್ದು" ಅನ್ನುತ್ತಿದ್ದರು, ಅಕ್ಷರವೇ ದೊಡ್ಡ ಕೆಲಸವೇನೋ ಎನ್ನುವ ಹಾಗೆ.

ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಎದೆ ನೋವು ಅಂದವರು ಮರುದಿನ ಇರಲಿಲ್ಲ. ನಾನು ಊರಲ್ಲಿದ್ದೆ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಗಲು ಕೊಟ್ಟವರಲ್ಲಿ ಗೌಡರೂ ಇದ್ದರು ಎಂದು ನಮ್ಮ ಮನೆಯವರು ಹೇಳಿದರು. ಕಾಕಾನ ಹೆಂಡತಿ ಕಾಕುವನ್ನು ಮಗಳು ಬೆಳಗಾವಿಗೆ ಕರೆದುಕೊಂಡು ಹೋದಳು.

ಈಗ ಇಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಹೋಗಿದೆ. ಯಾವುದು ಎಲ್ಲಿ ಮುಗಿಯುತ್ತದೆ ಎಂದು ಹೊಸಬರಿಗೆ ಗೊತ್ತೂ ಆಗುವುದಿಲ್ಲ. ಹೋದ ತಿಂಗಳು ಬಡಾವಣೆಗಳ ಸಂಘದವರೆಲ್ಲ ಸೇರಿದ್ದರು. ಅಪಾಯ ಬಂದರೆ ಅಕ್ಕಪಕ್ಕದವರು ಒಬ್ಬರಿಗೊಬ್ಬರು ಹೇಗೆ ನೆರವಾಗಬೇಕು ಎಂದು ಯುವಕನೊಬ್ಬ ಪರದೆಯ ಮೇಲೆ ಚಿತ್ರ ಹಾಕಿ ಚೆನ್ನಾಗಿಯೇ ವಿವರಿಸಿದ. "ಈ ಪದ್ಧತಿ ಇಲ್ಲಿ ಮೊದಲಿನಿಂದಲೂ ಇದೆಯಂತೆ" ಅಂದ. ನಾನು ಎದ್ದು ನಿಂತೆ. ಮೊದಲಿನಿಂದ ಇರಲಿಲ್ಲ, ಒಬ್ಬರು ಮನೆಮನೆಗೆ ನಡೆದು ಶುರು ಮಾಡಿದರು ಎಂದು ಹೇಳಿ, ಕಾಕಾನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಅಷ್ಟು ವರ್ಷ ಬರೀ ಕಾಕಾ ಎಂದು ಕರೆದವಳಿಗೆ ಆ ಹೆಸರು ನನ್ನ ಬಾಯಲ್ಲೇ ಹೊಸದಾಗಿ ಕೇಳಿಸಿತು. ಹುಡುಗ ಬರೆದುಕೊಂಡು, "ಅವ್ರನ್ನ ಮುಂದಿನ ಮೀಟಿಂಗ್‌ಗೆ ಕರೀಬಹುದಾ ಮೇಡಂ?" ಎಂದು ಕೇಳಿದ.

ಇಲ್ಲಪ್ಪ ಅಂದೆ. ಅವನು ಬರೆದುಕೊಂಡ ಹೆಸರಿನ ಅಕ್ಷರ ಸರಿಯಿದೆಯೇ ಎಂದು ಒಮ್ಮೆ ನೋಡಿ, ಕೂತುಬಿಟ್ಟೆ.