ಮೂತಿ ಕತ್ತರಿಸಿ ಕಳಿಸಿದ ಚಿಪ್ಪು

ಇಲಿ ಮೇಡಂ ಎಂಬ ಹೆಸರು ಇವಳ ಕಿವಿಗೆ ಮೊದಲು ಬಿದ್ದದ್ದು ಶೆಡ್ಡಿಗೆ ಬೀಗ ಬಿದ್ದ ದಿನ. ಕಪ್ಪೆಚಿಪ್ಪು ಬಿಡಿಸುವ ಹೆಂಗಸರೆಲ್ಲ ರಬ್ಬರ್ ಬೂಟು ಮೆಟ್ಟಿ, ಕೈಯಲ್ಲಿ ಚೂರಿ ಹಿಡಿದು ಬಾಗಿಲಲ್ಲೇ ನಿಂತಿದ್ದರು, ಅವರ ನಡುವೆ ಇವಳೂ. ಶೆಡ್ಡಿನ ಯಜಮಾನ ಇವಳ ಮೈದುನನೇ. ಒಳಗಿನಿಂದ ಬಂದವನು ಖಾಲಿ ಬುಟ್ಟಿಯೊಂದನ್ನು ಒದ್ದ.

"ಮನೆಗೆ ಹೋಗ್ರಮ್ಮ ಎಲ್ರೂ. ನೀರಲ್ಲಿ ವಿಷ ಇದೆಯಂತೆ. ಲ್ಯಾಬಿಗೆ ಯಾರೋ ಹೊಸ ಮೇಡಂ ಬಂದಿದಾಳೆ, ಚಿಪ್ಪಿನ ರಸ ತೆಗೆದು ಇಲಿಗೆ ಚುಚ್ಚಿದಳಂತೆ, ಇಲಿ ಸತ್ತಿತಂತೆ. ಅಲ್ಲ, ಇಲಿ ಸತ್ತರೆ ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು?"

"ನಮ್ಮನೇಲಿ ಬೇಕಾದಷ್ಟು ಇಲಿ ಇದಾವೆ, ಆ ಮೇಡಂನ ಸ್ವಲ್ಪ ಈ ಕಡೆ ಕಳಿಸಿ," ಎಂದಳು ಒಬ್ಬಳು. ಎಲ್ಲರೂ ನಕ್ಕರು. ಆವತ್ತಿಗೆ ಅದೇ ಕೊನೆಯ ನಗು. ಅಂದಿನಿಂದ ಆಕೆ ಇಡೀ ಊರಿಗೆ ಇಲಿ ಮೇಡಂ ಆದಳು.

ಇಲಿ ಮೇಡಂಗೆ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಗಂಡ ತೀರಿಹೋದ ಮೇಲೆ ಇವಳ ಮನೆಯ ಹಿಂದಿನ ಕೋಣೆ ಖಾಲಿ ಬಿದ್ದಿತ್ತು, ಕೊಟ್ಟಳು. ಮೈದುನನ ಹೆಂಡತಿ ಬಂದು ಹೊಸಿಲಲ್ಲೇ ನಿಂತು ಮೂಗು ಮುರಿದಳು.

"ನಮ್ಮ ಬಾಯಿಗೆ ಮಣ್ಣು ಹಾಕಿದವಳಿಗೆ ನೆರಳು ಕೊಡ್ತೀರಲ್ಲ ಅಕ್ಕ!"

"ಖಾಲಿ ಗೋಡೆ ನೋಡ್ತಾ ಕೂರೋದಕ್ಕಿಂತ ವಾಸಿ ಕಣೇ. ಗೋಡೆ ಕೆಮ್ಮೋದೂ ಇಲ್ಲ."

ಇಲಿ ಮೇಡಂ ಕೆಮ್ಮುತ್ತಿದ್ದಳು, ಚೆನ್ನಾಗಿಯೇ ಕೆಮ್ಮುತ್ತಿದ್ದಳು. ಆಸಿಡ್ಡು ಹಾಕಿ ಚಿಪ್ಪಿನ ಮಾಂಸ ಕುದಿಸುವ ಕೆಲಸ, ಆ ಹೊಗೆ ಎದೆಯಲ್ಲಿ ಕೂತುಬಿಟ್ಟಿತ್ತು. ಬೆರಳ ತುದಿಗಳು ಒಡೆದಿರುತ್ತಿದ್ದವು. ಊಟಕ್ಕೆ ಕೂರುತ್ತಿರಲಿಲ್ಲ, ತಟ್ಟೆ ಹಿಡಿದು ಕಿಟಕಿಯ ಹತ್ತಿರ ನಿಂತೇ ತಿನ್ನುತ್ತಿದ್ದಳು. ಇಲಿ ಸತ್ತ ದಿನ ಅದೂ ಇಲ್ಲ. ಒಂದು ಸಲ ಅಡುಗೆಮನೆಯಲ್ಲಿ ಇವಳು ಕೇಳಿಯೇಬಿಟ್ಟಳು.

"ಅಷ್ಟಕ್ಕೂ ಆ ವಿಷ ಚಿಪ್ಪಿಗೆ ಎಲ್ಲಿಂದ ಬರುತ್ತೆ ತಾಯಿ?"

"ಚಿಪ್ಪು ಮಾಡಿದ್ದಲ್ಲ ಅಕ್ಕ ಅದು. ನೀರಲ್ಲಿ ಕಣ್ಣಿಗೆ ಕಾಣದಂಥ ಪಾಚಿ ಇರುತ್ತೆ, ಅದರಲ್ಲಿ ಕೆಲವಕ್ಕೆ ವಿಷ. ಚಿಪ್ಪು ದಿನವಿಡೀ ನೀರು ಸೋಸಿ ಅದನ್ನ ತಿನ್ನುತ್ತೆ. ಅದು ಆರಾಮಾಗಿರುತ್ತೆ, ಅದನ್ನ ತಿಂದವರು ಹೋಗ್ತಾರೆ."

"ಚೆನ್ನಾಗಿ ಬೇಯಿಸಿದ್ರೆ?"

"ಬೇಯಿಸಿದ್ರೂ ಹೋಗಲ್ಲ. ವಾಸನೆ ಇಲ್ಲ, ರುಚಿ ಇಲ್ಲ."

"ನಮ್ಮ ಕಡೆ ನೆಂಟರ ಹಾಗೆ ಅನ್ನಿ. ಒಳಗೆ ಬಂದ ಮೇಲೇ ಗೊತ್ತಾಗೋದು."

ಇಲಿ ಮೇಡಂ ನಕ್ಕದ್ದನ್ನು ಇವಳು ಕಂಡದ್ದು ಆಗಲೇ. ನಕ್ಕು, ಮತ್ತೆ ಮುಖ ಗಂಟಿಕ್ಕಿ ಹೇಳಿದಳು: "ನನ್ನನ್ನ ಯಾರೂ ಇಷ್ಟಪಡೋದು ಬೇಡ ಅಕ್ಕ. ನನ್ನ ಮಾತನ್ನ ನಂಬಿದ್ರೆ ಸಾಕು. ಜನ ನಂಬೋದು ಬಿಟ್ಟ ದಿನ ಯಾರೋ ಒಬ್ಬ ಸಾಯ್ತಾನೆ."

ನೀರು ತಿಳಿಯಾಯಿತು. ಆದರೂ ಶೆಡ್ಡು ತೆರೆಯಲಿಲ್ಲ. ಕಪ್ಪೆಚಿಪ್ಪು ವಿಷವನ್ನು ಬೇಗ ಬಿಟ್ಟುಕೊಡುವುದಿಲ್ಲ, ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿರುತ್ತದೆ, ಅದರಲ್ಲೂ ನೀರು ಹೀರುವ ಕಪ್ಪು ಮೂತಿಯಲ್ಲಿ. ಇದು ಇಲಿ ಮೇಡಂಗೆ ಗೊತ್ತು, ಶೆಡ್ಡಿಗೆ ಗೊತ್ತಿಲ್ಲ. ಅದಕ್ಕೇ ಆಕೆ ಪ್ರತಿ ಸಲ ತಾನೇ ದೋಣಿಯಲ್ಲಿ ಹೋಗಿ, ಕೆಸರಿನಿಂದ ಎತ್ತಿದ ಚಿಪ್ಪನ್ನು ಹಾಗೇ ತರುತ್ತಿದ್ದಳು. ಆ ಒಂದು ದಿನ ಮಾತ್ರ ಹೋಗಲಾಗಲಿಲ್ಲ. ಶೆಡ್ಡಿನವರೆಲ್ಲ ಬಂದು ಲ್ಯಾಬಿನ ಗೇಟಿಗೆ ಅಡ್ಡ ಕೂತಿದ್ದರು, ಒಳಗಿದ್ದವರನ್ನು ಹೊರಗೆ ಬಿಡಲಿಲ್ಲ. "ಚಿಪ್ಪು ತಾನೇ ಬೇಕು? ನಾವೇ ಕಳಿಸ್ತೀವಿ," ಎಂದ ಮೈದುನ.

ಕಳಿಸಿದವಳು ಅವನ ಹೆಂಡತಿ. ಮೂತಿ ಇರುವ ಮಾಲನ್ನು ಹೊರಗೆ ಕಳಿಸಿದರೆ ಆ ಶೆಡ್ಡಿಗೆ ಅವಮಾನ. ಕೊಳ್ಳುವವರು ತೊಳೆದಿಲ್ಲ ಎಂದುಕೊಳ್ಳುತ್ತಾರೆ. ಅವಳ ಚೂರಿಗೆ ಬೇರೆ ಅಭ್ಯಾಸವೇ ಇರಲಿಲ್ಲ. ದಾರಿಯಲ್ಲಿ ಸಿಕ್ಕಾಗ ಇವಳ ಹತ್ತಿರ ಜಂಬದಿಂದ ಹೇಳಿಕೊಂಡಳು: "ಸರ್ಕಾರದವರ ಮುಂದೆ ಹೊಲಸು ಇಡೋಕಾಗುತ್ತಾ ಅಕ್ಕ? ಮೂತಿಗೀತಿ ತೆಗೆದು, ಮದುವೆ ಹೆಣ್ಣಿನ ಹಾಗೆ ತೊಳೆದು ಕಳಿಸಿದೀನಿ." ಇವಳೂ ಹ್ಞೂಂಗುಟ್ಟಿದಳು. ವಿಷ ಆ ಮೂತಿಯಲ್ಲೇ ಕೂತಿರುತ್ತದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಇಲಿ ಮೇಡಂಗೆ ಗೊತ್ತಿತ್ತು. ಡಬ್ಬಿಯಲ್ಲಿ ಸುಲಿದ ಮಾಂಸ ಬಂದಾಗ ವಾಪಸ್ಸು ಕಳಿಸಬೇಕಾಗಿತ್ತು. ಗೇಟಿನಲ್ಲಿ ಕೂಗು ಏರುತ್ತಿತ್ತು, ಒಳಗೆ ಲ್ಯಾಬಿನ ಸಾಹೇಬರು ಗಡಿಯಾರ ನೋಡುತ್ತಿದ್ದರು. ಆಕೆ ಅದನ್ನೇ ಅರೆದು, ಕುದಿಸಿ, ಚುಚ್ಚಿದಳು. ಇಲಿ ಪಂಜರದ ತುಂಬ ಓಡಾಡಿತು. ಶೆಡ್ಡು ತೆರೆಯಬಹುದು ಎಂಬ ಕಾಗದಕ್ಕೆ ಆಕೆ ಸಹಿ ಹಾಕಿದಳು.

ಮಾರನೆಯ ದಿನವೇ ದೋಣಿಗಳು ನೀರಿಗಿಳಿದವು. ಮೈದುನನ ದೋಣಿ ನಡೆಸುವವನು ಸಂಜೆ ದಡದಲ್ಲಿ ಬೆಂಕಿ ಮಾಡಿ, ಚಿಪ್ಪನ್ನು ಸುಟ್ಟು, ದೋಣಿಯವರು ತಿನ್ನುವ ಹಾಗೆ ಮೂತಿ ಸಮೇತ ತಿಂದ. ಮನೆಗೆ ಬರುವಾಗ ಕಾಲು ತಡವರಿಸುತ್ತಿತ್ತು, ನಾಲಿಗೆ ದಪ್ಪಗಾಗಿತ್ತು. ಹೆಂಡತಿ ನೋಡಿದವಳೇ ಬಾಗಿಲು ಹಾಕಿಕೊಂಡಳು. "ಮತ್ತೆ ಕುಡ್ಕೊಂಡ್ ಬಂದ್ಯಾ? ಅಲ್ಲೇ ಬಿದ್ದು ಸಾಯಿ!" ಅವನು ಮೆಟ್ಟಿಲ ಮೇಲೆ ಬಿದ್ದಿದ್ದ, ಅವಳು ಒಳಗಿನಿಂದ ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಬಾಯಿ ಸೋತು ಬಾಗಿಲು ತೆರೆದಾಗ ಅವನ ಎದೆ ಏಳುತ್ತಿರಲಿಲ್ಲ. ಕಣ್ಣು ತೆರೆದೇ ಇತ್ತು.

ವಿಚಾರಣೆ ನಡೆಯಿತು. "ಇದ್ದದ್ದು ಇದ್ದ ಹಾಗೇ ಕಳಿಸಿದ್ವಿ ಸಾರ್," ಎಂದ ಮೈದುನ. ಇವಳು ಎದ್ದು ನಿಂತಳು.

"ಸುಳ್ಳು. ಮೂತಿ ಕತ್ತರಿಸಿ ಕಳಿಸಿದ್ದು. ಕತ್ತರಿಸಿದವಳೇ ನನ್ನ ಮುಂದೆ ಹೇಳಿದಾಳೆ."

"ಬಾಡಿಗೆ ತಿಂದ ಬಾಯಿ ಇನ್ನೇನು ಹೇಳುತ್ತೆ!" ಎಂದು ಮೈದುನನ ಹೆಂಡತಿ ಕಿರುಚಿದಳು.

ಅಧಿಕಾರಿ ಇಲಿ ಮೇಡಂ ಕಡೆ ತಿರುಗಿದ. "ಸುಲಿದ ಮಾಂಸ ಬಂದಾಗ ಯಾಕೆ ತಗೊಂಡ್ರಿ?"

"ತಗೋಬಾರದಿತ್ತು," ಎಂದಳು. ಗೇಟಿನ ಸುದ್ದಿ ಎತ್ತಲಿಲ್ಲ, ಸಾಹೇಬರ ಗಡಿಯಾರದ ಸುದ್ದಿಯನ್ನೂ ಎತ್ತಲಿಲ್ಲ. ಎಲ್ಲರೂ ಆಕೆಯ ತಲೆಗೆ ಕಟ್ಟಿ ಕೈ ತೊಳೆದುಕೊಂಡರು. ಕೆಲಸ ಹೋಯಿತು. ಶೆಡ್ಡಿನಲ್ಲಿ ಇವಳ ಚೂರಿಯೂ ಬೇರೆಯವರ ಕೈಗೆ ಹೋಯಿತು. ಪೇಟೆಯಲ್ಲಿ ಜನ, "ಇಲಿ ಸತ್ತಾಗ ಬಾಗಿಲು ಹಾಕ್ಸಿದ್ಲು, ಮನುಷ್ಯ ಸಾಯೋವಾಗ ತೆಗೆಸಿದ್ಲು," ಎಂದು ಆಡಿಕೊಂಡರು.

ದೋಣಿಯವನ ಹೆಂಡತಿ ಮಾತ್ರ ಬೈಯಲಿಲ್ಲ. ಆಗಾಗ ಬಂದು ಹಿಂದಿನ ಕೋಣೆಯ ಮೆಟ್ಟಿಲಲ್ಲಿ ಕೂರುತ್ತಿದ್ದಳು. ಕೇಳುತ್ತಿದ್ದದ್ದು ಒಂದೇ.

"ಮೇಡಂ, ಆವತ್ತು ನಾನು ಬೈದದ್ದೆಲ್ಲ ಅವರಿಗೆ ಕೇಳಿಸ್ತಾ ಇತ್ತಾ?"

ಇಲಿ ಮೇಡಂ ತನ್ನ ಒಡೆದ ಬೆರಳುಗಳನ್ನೇ ನೋಡುತ್ತಿದ್ದಳು. ದೋಣಿಯವನ ಹೆಂಡತಿ ಎದ್ದು ಹೋಗುತ್ತಿದ್ದಳು, ಮತ್ತೆ ಬರುತ್ತಿದ್ದಳು. "ಏನಾದ್ರೂ ಒಂದು ಹೇಳಬಾರದಾ?" ಎಂದು ಒಂದು ದಿನ ಅವಳು ಹೋದ ಮೇಲೆ ಇವಳು ಗದರಿದಾಗ ಆಕೆ ಹೇಳಿದಳು: "ಈ ವಿಷ ಕೈಕಾಲು ಕಟ್ಟಿಹಾಕುತ್ತೆ, ನಾಲಿಗೆ ಕಟ್ಟಿಹಾಕುತ್ತೆ, ಕಡೆಗೆ ಉಸಿರನ್ನೂ. ಬುದ್ಧಿ ಮಾತ್ರ ಕೊನೇವರೆಗೂ ಎಚ್ಚರ ಇರುತ್ತೆ ಅಕ್ಕ. ಎಲ್ಲ ಕೇಳಿಸ್ತಾ ಇತ್ತು ಅವನಿಗೆ."

ಊರು ಬಿಡುವ ಬೆಳಿಗ್ಗೆ ಇಲಿ ಮೇಡಂ ಪೆಟ್ಟಿಗೆಯನ್ನು ಬಾಗಿಲಲ್ಲಿಟ್ಟು, ಕೆಮ್ಮು ನಿಲ್ಲುವವರೆಗೆ ಗೋಡೆ ಹಿಡಿದು ನಿಂತಳು. ಆಮೇಲೆ ಇವಳ ಕೈ ಹಿಡಿದುಕೊಂಡಳು.

"ಅವಳು ಮತ್ತೆ ಬರ್ತಾಳೆ ಅಕ್ಕ. ಕೇಳೇ ಕೇಳ್ತಾಳೆ. ಅವನಿಗೆ ಏನೂ ಕೇಳಿಸಿರಲಿಲ್ಲ ಅಂತ ನೀವು ಹೇಳಿಬಿಡಿ. ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡಿ. ನಂಬಲ್ಲ."