ಇಸ್ಮಾಯಿಲ್ ಮೇಸ್ತ್ರಿ ಎರವಲು ಕೊಟ್ಟ ಹೆಸರು

ನಿಮ್ಮ ಹೆಸರಿನ ಮೇಲೆ ಯಾವತ್ತಾದರೂ ಬೇರೆಯವರು ದುಡಿದಿದ್ದಾರಾ? ನೆಂಟರೋ ಗೆಳೆಯರೋ ಬಂದು ‘ಬರೀ ಒಂದು ಸಹಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಎಂದಾಗ ಇಲ್ಲ ಎನ್ನಲಾಗದೆ ಸಹಿ ಹಾಕಿದ್ದೀರಾ? ಹಾಕಿದ್ದರೆ ಇದನ್ನು ಪೂರ್ತಿ ಓದಿ. ಹಾಕಿಲ್ಲ ಎನ್ನುವವರೂ ಓದಿ. ನಾಳೆ ಯಾರಾದರೂ ಬಂದೇ ಬರುತ್ತಾರೆ.

೧೯೮೩ನೇ ಇಸವಿ. ನಾನಾಗ ಹುಮನಾಬಾದಿನಲ್ಲಿ ಟ್ಯಾಕ್ಸ್ ಪ್ರಾಕ್ಟೀಷನರ್. ಅಂದರೆ ವ್ಯಾಪಾರಿಗಳಿಗೆ, ಗುತ್ತೇದಾರರಿಗೆ ತೆರಿಗೆ ರಿಟರ್ನ್ ತುಂಬಿಕೊಡುವುದು, ನೋಟಿಸ್ ಬಂದರೆ ಅವರ ಪರವಾಗಿ ಅಧಿಕಾರಿಗಳ ಮುಂದೆ ನಿಲ್ಲುವುದು. ಬಸ್ ಸ್ಟ್ಯಾಂಡಿನ ಎದುರು ಒಂದು ಹೋಟೆಲಿನ ಮೇಲಿನ ಕೋಣೆಯೇ ಆಫೀಸು. ಕೆಳಗೆ ಭಜಿ ಕರಿದರೆ ಮೇಲೆ ಫೈಲುಗಳಿಗೆಲ್ಲ ಎಣ್ಣೆಯ ವಾಸನೆ. ಸುಳ್ಳು ಯಾಕೆ ಹೇಳಲಿ, ನನ್ನನ್ನು ಕೇಳಿಕೊಂಡು ಬರುವವರಿಗಿಂತ ಭಜಿ ತಿನ್ನಲು ಬರುವವರೇ ಹೆಚ್ಚಿದ್ದರು.

ಬಿಸಿಲಿನ ಒಂದು ಮಧ್ಯಾಹ್ನ ಬಸವಕಲ್ಯಾಣದಿಂದ ಇಸ್ಮಾಯಿಲ್ ಮೇಸ್ತ್ರಿ ಬಂದರು. ಕಲ್ಲು ಕಟ್ಟುವ ಕೆಲಸದಿಂದ ಮೇಲೆ ಬಂದು, ಸರ್ಕಾರಿ ಕೆಲಸ ಹಿಡಿಯುವ ಗುತ್ತೇದಾರರಾದವರು. ವಯಸ್ಸು ಐವತ್ತರ ಆಚೆ. ಕೈಯಲ್ಲಿ ಒಂದು ಬಟ್ಟೆ ಚೀಲ. ಕೂತವರೇ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು.

‘ವಕೀಲ ಸಾಬ್, ಇದು ಸರಿ ಅದ ಇಲ್ಲೋ ಒಮ್ಮಿ ನೋಡ್ರಿ. ಸಹಿ ಒಂದ ಬಾಕಿ ಅದ.’

ನಾನು ವಕೀಲನಲ್ಲ. ಆದರೆ ಆ ಕಾಲದಲ್ಲಿ ಫೈಲು ಇಟ್ಟುಕೊಂಡು ಕೂತವರೆಲ್ಲ ನಮ್ಮ ಜನಕ್ಕೆ ವಕೀಲರೇ. ಓದಿದೆ. ಅದು ದಿವಾಳಿ ಅರ್ಜಿ. ‘ನನ್ನಿಂದ ಸಾಲ ತೀರಿಸಲು ಆಗುವುದಿಲ್ಲ, ನನ್ನನ್ನು ದಿವಾಳಿಯೆಂದು ಘೋಷಿಸಿ’ ಎಂದು ಕೋರ್ಟಿಗೆ ಬರೆದುಕೊಳ್ಳುವುದು. ಸಾಲ ಕೊಟ್ಟವರು ಯಾರು ಎಂಬಲ್ಲಿ ಒಂದೇ ಹೆಸರು: ಆದಾಯ ತೆರಿಗೆ ಇಲಾಖೆ.

‘ನೋಟಿಸ್ ಬಂದಿರಬೇಕಲ್ಲ, ಏನು ಮಾಡಿದ್ರಿ?’ ಎಂದೆ.

ಚೀಲ ಬೋರಲು ಹಾಕಿದರು. ನಾಲ್ಕು ವರ್ಷದ ನೋಟಿಸುಗಳು, ಕೆಲವು ಒಡೆದೂ ಇರಲಿಲ್ಲ.

‘ಇಂಗ್ಲಿಷಿನಾಗ ಇದ್ದುವು. ಬಿಲ್ಲಿನಾಗ ನೂರಕ್ಕ ಎರಡು ರೂಪಾಯಿ ಅವರ ಕಟ್ ಮಾಡ್ತಾರಲ್ರಿ. ಟ್ಯಾಕ್ಸ್ ಅಲ್ಲೇ ಮುಗೀತು, ಮತ್ತ ಯಾಕ ಕೇಳ್ತಾರ ಅಂತ ಬಿಟ್ಟೆ.’

ನಗಬೇಡಿ. ಆಗ ಆ ಕಡೆಯ ಮುಕ್ಕಾಲು ಪಾಲು ಗುತ್ತೇದಾರರ ನಂಬಿಕೆ ಇದೇ ಆಗಿತ್ತು. ಬಿಲ್ಲಿನಲ್ಲಿ ಹಿಡಿಯುವುದು ಮುಂಗಡ ಮಾತ್ರ. ವರ್ಷದ ಕೊನೆಗೆ ನಾವೇ ಲೆಕ್ಕ ಕೊಟ್ಟು ಉಳಿದದ್ದನ್ನು ಕಟ್ಟಬೇಕು. ಲೆಕ್ಕ ಕೊಡದಿದ್ದರೆ, ನೋಟಿಸಿಗೂ ಉತ್ತರ ಕೊಡದಿದ್ದರೆ, ಅಧಿಕಾರಿ ತನಗೆ ತೋಚಿದಷ್ಟು ಲಾಭ ಹಿಡಿದು ತೆರಿಗೆ ಹಾಕುತ್ತಾನೆ. ಅದಕ್ಕೆ ‘ಬೆಸ್ಟ್ ಜಡ್ಜ್‌ಮೆಂಟ್’ ಎಂದು ಹೆಸರು. ಮೇಸ್ತ್ರಿಗೆ ಹಾಗೆ ಬಿದ್ದದ್ದು ಬಡ್ಡಿ, ದಂಡ ಸೇರಿ ತೊಂಬತ್ತಾರು ಸಾವಿರ. ಆಗಿನ ಬಸವಕಲ್ಯಾಣದಲ್ಲಿ ಅವರ ಮನೆ ಮಾರಿದರೂ ಅಷ್ಟು ಹುಟ್ಟುತ್ತಿರಲಿಲ್ಲ.

ಅಧಿಕಾರಿಯ ಆದೇಶ ಓದಿದಾಗ ನನಗೆ ಒಂದು ತಿಳಿಯಲಿಲ್ಲ. ಒಂದೇ ವರ್ಷದಲ್ಲಿ ನಿರ್ಣಾದಲ್ಲಿ ಶಾಲೆ, ಕೊಡಂಬಲದಲ್ಲಿ ಸೇತುವೆ, ಮತ್ತೆರಡು ಕಡೆ ಗೋದಾಮು. ಎಲ್ಲವೂ ಇವರೊಬ್ಬರ ಹೆಸರಿನಲ್ಲಿ.

‘ಮೇಸ್ತ್ರಿ, ನಿಮಗೆ ಎಷ್ಟು ಕೈ ಇವೆ?’

ನೋಟಿಸುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದರು. ‘ಎಲ್ಲಾ ನನ್ನ ಕೆಲಸ ಅಲ್ರಿ.’

ಆಗ ಹೊರಬಿತ್ತು. ಸರ್ಕಾರಿ ಕೆಲಸ ಹಿಡಿಯುವ ಲೈಸೆನ್ಸ್ ಇದ್ದದ್ದು ಇವರಿಗೆ ಮಾತ್ರ. ಚಿಟಗುಪ್ಪದ ವೀರಶೆಟ್ಟಿ, ಕೊಡಂಬಲದ ತುಕಾರಾಮ, ಇಬ್ಬರೂ ಇವರ ಕೈಕೆಳಗೆ ಕೆಲಸ ಕಲಿತವರು. ಅವರಿಗೆ ಲೈಸೆನ್ಸ್ ಇಲ್ಲ, ದುಡ್ಡಿದೆ. ಇವರ ಹೆಸರಿನಲ್ಲಿ ಟೆಂಡರ್ ಹಾಕುವರು, ಕೆಲಸ ಅವರೇ ಮಾಡುವರು, ಬಿಲ್ಲು ಇವರ ಖಾತೆಗೆ ಬಂದ ದಿನ ನೋಟು ಎಣಿಸಿ ಒಯ್ಯುವರು. ಆ ಕಡೆ ಇದಕ್ಕೆ ‘ಹೆಸರಿನ ಕೆಲಸ’ ಎನ್ನುತ್ತಿದ್ದರು. ಕಾಗದವಿಲ್ಲ, ಪತ್ರವಿಲ್ಲ. ಒಟ್ಟಿಗೆ ಉಂಡವರ ಹತ್ತಿರ ಕಾಗದ ಕೇಳುವುದೆಂದರೆ ಅವಮಾನ. ಮೇಸ್ತ್ರಿಗೆ ಸಿಕ್ಕಿದ್ದು ನೂರಕ್ಕೆ ಒಂದು ರೂಪಾಯಿ, ಈದ್‌ಗೆ ಒಂದು ಶರ್ಟಿನ ಬಟ್ಟೆ.

‘ಈ ಅರ್ಜಿ ಬರೆಸಿದ್ದು ಯಾರು?’

‘ವೀರಶೆಟ್ಟಿ. ದಿವಾಳಿ ಆದ್ರ ಎಲ್ಲಾ ಮಾಫ್ ಆಗ್ತದ ಮಾಮಾ, ಸಾಯೋತನಕ ನಿಮ್ಮ ಒಲಿ ನಾನು ಉರಸ್ತೀನಿ ಅಂದಾನ.’

ಅರ್ಜಿಯನ್ನು ಮತ್ತೊಮ್ಮೆ ಓದಿದೆ. ‘ಮೇಲಿನ ಎಲ್ಲ ಕೆಲಸಗಳನ್ನೂ ನಾನೊಬ್ಬನೇ ಮಾಡಿರುತ್ತೇನೆ, ಲಾಭವೆಲ್ಲ ನನ್ನದೇ’ ಎಂಬ ಸಾಲು ಪ್ರಮಾಣ ಮಾಡಿದ ಹಾಗೆ ಇತ್ತು. ‘ಇದಕ್ಕೆ ಸಹಿ ಹಾಕಬೇಡಿ’ ಎಂದೆ. ಯಾಕೆಂದರೆ ದಿವಾಳಿ ಕಾನೂನು ಬೇರೆಯವರ ಸಾಲದಿಂದ ಬಿಡುಗಡೆ ಕೊಟ್ಟೀತು, ಸರ್ಕಾರದ ಬಾಕಿಯಿಂದ ಕೊಡುವುದಿಲ್ಲ. ಸಹಿ ಹಾಕಿದರೆ ಮನೆ ಹೋಗುತ್ತದೆ, ಹೆಸರು ಹೋಗುತ್ತದೆ, ತೆರಿಗೆ ಮಾತ್ರ ಹೋಗುವುದಿಲ್ಲ. ಪಾರಾಗುವವರು ಆ ಇಬ್ಬರು.

ಬಿಡಿಸಿ ಹೇಳಿದೆ. ಕಮಿಷನರ್ ಮುಂದೆ ರಿವಿಜನ್ ಅರ್ಜಿ, ಅಂದರೆ ಆದೇಶವನ್ನು ಮತ್ತೆ ಪರಿಶೀಲಿಸಿ ಎಂಬ ಮನವಿ, ಹಾಕಬಹುದು. ಆದರೆ ಅದರಲ್ಲಿ ಕೆಲಸ ಮಾಡಿದವರ ಹೆಸರು ಹೇಳಲೇಬೇಕು. ಹೇಳಿದರೆ ಹೆಸರು ಬಾಡಿಗೆಗೆ ಕೊಟ್ಟದ್ದಕ್ಕೆ ಲೈಸೆನ್ಸ್ ಹೋಗುತ್ತದೆ. ಮನೆ ಉಳಿಯಬಹುದು.

‘ಯಾರ ಹೆಸರೂ ಹೇಳಾಂಗಿಲ್ಲ ಅಂತ ಜುಬಾನ್ ಕೊಟ್ಟೀನ್ರಿ’ ಎಂದು ಎದ್ದರು. ‘ಮೊದಲು ಅವರ್ನ ಒಂದು ಮಾತು ಕೇಳಿ ಬರ್ತೀನಿ.’

‘ಕೇಳಬೇಡಿ’ ಎಂದೆ. ಅಷ್ಟರಲ್ಲಿ ಮೆಟ್ಟಿಲು ಇಳಿದಾಗಿತ್ತು.

ಎರಡು ದಿನ ಬಿಟ್ಟು ವೀರಶೆಟ್ಟಿಯ ಮೋಟರ್ ಸೈಕಲ್ ಹೋಟೆಲಿನ ಮುಂದೆ ನಿಂತಿತು. ಮೂವತ್ತೈದರ ಆಸುಪಾಸಿನ ಮನುಷ್ಯ, ಬಿಳಿ ಸಫಾರಿ, ತುಂಬು ನಗು. ಒಂದು ಬುಟ್ಟಿ ಮಾವಿನಹಣ್ಣು ತಂದಿದ್ದ.

‘ತಿನ್ರಿ ಸಾಹೇಬ್ರ. ಬರೇ ಭಜಿ ವಾಸನಿ ಮ್ಯಾಲ ಎಷ್ಟು ದಿನ ಬದುಕ್ತೀರಿ?’

‘ಏನು ಕೆಲಸ ಹೇಳಿ.’

‘ಕೆಲಸ ಏನಿಲ್ಲ. ಮಾಮಾ ಭಾಳ ಸಾದಾ ಮನಶಾ ಅದಾನ. ಅವನ ತಲಿ ಕೆಡಸಬ್ಯಾಡ್ರಿ. ನೀವು ಊರಿಗೆ ಹೊಸಬ್ರು. ಇಲ್ಲಿ ಗುತ್ತೇದಾರ್ ಮಂದಿ ಎಲ್ಲಾ ಒಂದ ತಾಟಿನಾಗ ಉಣ್ತೀವಿ. ಒಬ್ಬಂವ ತಾಟು ತಳ್ಳಿದ್ರ ಎಲ್ಲರೂ ಏಳ್ತೀವಿ.’

ನಗುತ್ತಲೇ ಹೇಳಿ ಹೋದ. ಆ ವಾರವೇ ನನ್ನ ಮೂವರು ಗುತ್ತೇದಾರರು ಬಂದು ಫೈಲು ವಾಪಸ್ ಕೇಳಿದರು. ಮೇಸ್ತ್ರಿಯ ಸುದ್ದಿಯೂ ಇಲ್ಲ. ಸಹಿ ಹಾಕಿಬಿಟ್ಟರೋ ಏನೋ ಎಂದು ದಿನವೂ ಕಲ್ಯಾಣದ ಬಸ್ಸಿನ ಕಡೆ ನೋಡುತ್ತಿದ್ದೆ. ಕೊನೆಗೆ ನಾನೇ ಬಸ್ ಹತ್ತಿದೆ.

ಅವರ ಓಣಿಗೆ ಕಾಲಿಡುವಾಗಲೇ ಡಂಗುರ ಕೇಳಿಸಿತು. ತೆರಿಗೆ ವಸೂಲಿಗೆ ಮನೆ ಜಪ್ತಿಯಾದರೆ ಅದನ್ನು ಮನೆಯ ಮುಂದೆ ಹಲಗೆ ಬಾರಿಸಿ ಸಾರಬೇಕೆಂಬುದು ನಿಯಮ. ಇಲಾಖೆಯ ಒಬ್ಬರು ಕಾಗದ ಹಿಡಿದು ನಿಂತಿದ್ದರು. ಬಾಗಿಲು ಬಾಗಿಲಲ್ಲಿ ಜನ. ಹಲಗೆ ಹಿಡಿದವನು ಅದೇ ಓಣಿಯವನು, ತಲೆ ಎತ್ತಿರಲಿಲ್ಲ.

‘ಮೇಸ್ತ್ರಿ, ತಪ್ಪು ತಿಳಿಬ್ಯಾಡ್ರಿ. ಕರದ್ರು, ಬಂದೆ.’

‘ನೀ ಏನ್ ಮಾಡ್ತಿ ಬಿಡೋ’ ಎಂದರು ಮೇಸ್ತ್ರಿ. ‘ಚಹಾ ಕುಡದು ಬಾರಸು. ಬಿಸಲು ಭಾಳ ಅದ.’

ಅವನು ಚಹಾ ಕುಡಿಯಲಿಲ್ಲ. ಬಾರಿಸಿದ. ಕಾಗದ ಹಿಡಿದವರು ಗಟ್ಟಿಯಾಗಿ ಕೂಗಿದರು. ಮೇಸ್ತ್ರಿಯ ಹೆಸರು, ಅವರ ತಂದೆಯ ಹೆಸರು, ಮನೆಯ ನಾಲ್ಕು ದಿಕ್ಕಿನ ಗಡಿ. ಇನ್ನು ಈ ಮನೆಯನ್ನು ಮಾರುವ ಹಾಗಿಲ್ಲ, ಯಾರಿಗೂ ಬರೆದುಕೊಡುವ ಹಾಗಿಲ್ಲ. ಮುಂದಿನದು ಹರಾಜು. ವೀರಶೆಟ್ಟಿಯಾಗಲಿ ತುಕಾರಾಮನಾಗಲಿ ಆ ಗುಂಪಿನಲ್ಲಿ ಇರಲಿಲ್ಲ.

ಒಳಗೆ ಹೋಗಿ ಕೂತೆವು. ಗೋಡೆಯ ಗೂಡಿನಲ್ಲಿ ಅರ್ಜಿ ಹಾಗೇ ಇತ್ತು, ಸಹಿ ಬಿದ್ದಿರಲಿಲ್ಲ, ಪಕ್ಕದಲ್ಲಿ ಪೆನ್ನು. ಮೇಸ್ತ್ರಿಯ ಹೆಂಡತಿ ಜೈನಾಬಿ ಬಾಗಿಲ ಹತ್ತಿರ ಬಂದು ನಿಂತರು. ಮನೆಯಲ್ಲಿ ಅವರಿಬ್ಬರ ಮಾತು ದಖನಿ ಉರ್ದುವಿನಲ್ಲಿ. ಆ ದಿನ ನನಗೂ ತಿಳಿಯಲೆಂದೇ ಕನ್ನಡದಲ್ಲಿ ಹೇಳಿದರು.

‘ಹೆಸರು ಕೊಡೋವಾಗ ನನ್ನ ಕೇಳಿಲ್ಲ, ಇರ್ಲಿ, ಹೆಸರು ನಿಮ್ದು. ಆದ್ರ ಈಗ ಹೊರಗ ನಿಮ್ಮ ಹೆಸರು ಒಂದ ಕೂಗ್ಯಾರೇನು? ಮನಿ ನಾಕೂ ಗಡಿ ಕೂಗ್ಯಾರ. ಈ ಗೋಡಿಗೆ ಕಲ್ಲು ಹೊತ್ತಾಕಿ ನಾನು. ಆ ವೀರಶೆಟ್ಟಿ ತಲಿ ಮ್ಯಾಲ ಒಂದ ಕಲ್ಲು ಇತ್ತೇನು?’

ಮೇಸ್ತ್ರಿ ಎದ್ದು ಗೂಡಿನಿಂದ ಅರ್ಜಿ ತೆಗೆದು ನನ್ನ ಕೈಗೆ ಕೊಟ್ಟರು.

‘ಇದು ನಿಮ್ಮ ಹತ್ರ ಇರ್ಲಿ. ಬರಕೋರಿ, ಹೆಸರು ಹೇಳ್ತೀನಿ.’

ರಿವಿಜನ್ ಅರ್ಜಿ ಹೋಯಿತು. ಕಾಗದದ ಪುರಾವೆ ಒಂದೂ ಇಲ್ಲ. ‘ಅವನ್ಯಾರೋ, ನಮಗೂ ಅವನಿಗೂ ಸಂಬಂಧವೇ ಇಲ್ಲ’ ಎಂದು ಆ ಇಬ್ಬರೂ ಬರೆದುಕೊಟ್ಟರು. ಕಮಿಷನರ್ ಸ್ಥಳ ವಿಚಾರಣೆಗೆ ಒಬ್ಬ ಇನ್ಸ್‌ಪೆಕ್ಟರನ್ನು ಕಳಿಸಿದರು. ಅವರು ಹಳೇ ಮೈಸೂರಿನ ಕಡೆಯವರು, ಈ ಕಡೆಯ ಮಾತು ಅರ್ಧ ತಿಳಿಯುತ್ತಿರಲಿಲ್ಲ. ಇಬ್ಬರೂ ಬಸ್ಸಿನಲ್ಲಿ ನಿರ್ಣಾಕ್ಕೆ ಹೋದೆವು. ಶಾಲೆಯ ಕಟ್ಟೆಯ ಮೇಲೆ ಕೂತಿದ್ದ ಮುದುಕರನ್ನು ಇನ್ಸ್‌ಪೆಕ್ಟರ್ ಕೇಳಿದರು: ‘ಇಸ್ಮಾಯಿಲ್ ಮೇಸ್ತ್ರಿ ಕಟ್ಟಿಸಿದ ಶಾಲೆ ಇದೇನಾ?’

‘ಯಾವ ಇಸ್ಮಾಯಿಲ್ರಿ? ಇದು ವೀರಶೆಟ್ಟಿ ಶಾಲಿ. ಮಳಿ ಬಂದ್ರ ಒಳಗೂ ಬರ್ತದ. ಅವನ್ನ ಹಿಡಿಯಾಕ ಬಂದೀರೇನು? ಹಾಂಗಿದ್ರ ಚಹಾ ನಾ ಕುಡಸ್ತೀನಿ.’

ಈ ಕಡೆಯ ಹಳ್ಳಿಗಳ ರೂಢಿ ಅದು. ಸರ್ಕಾರಿ ಕಟ್ಟಡವನ್ನು, ದಿನವೂ ಅಲ್ಲಿ ನಿಂತು ಕೂಲಿ ಹಂಚಿ ಕಟ್ಟಿಸಿದವನ ಹೆಸರಿನಿಂದಲೇ ಕರೆಯುತ್ತಾರೆ. ಕೊಡಂಬಲದಲ್ಲಿ ಸೇತುವೆಗೆ ‘ತುಕಾರಾಮನ ಪೂಲ್’ ಎಂದೇ ಹೆಸರು. ಬಸ್ಸಿನ ಕಂಡಕ್ಟರ್ ಕೂಡ ಹಾಗೇ ಕೂಗಿ ನಮ್ಮನ್ನು ಇಳಿಸಿದ. ಇನ್ಸ್‌ಪೆಕ್ಟರ್ ಕೂಲಿಯವರನ್ನು ಕರೆಸಿ ಹೇಳಿಕೆ ಬರೆದುಕೊಂಡರು. ಬಿಲ್ಲಿನಲ್ಲಿದ್ದ ಹೆಸರು ಎರಡೂ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹಳೆಯ ಆದೇಶ ರದ್ದಾಯಿತು. ಹೊಸ ಲೆಕ್ಕದಲ್ಲಿ ಮೇಸ್ತ್ರಿಯ ಪಾಲಿಗೆ ಉಳಿದದ್ದು ಅವರದೇ ಕೆಲಸದ ತೆರಿಗೆ. ಸೆಂಟ್ರಿಂಗ್ ಹಲಗೆ, ಕಬ್ಬಿಣ, ಮಿಕ್ಸರ್ ಎಲ್ಲ ಮಾರಿ ಕಂತಿನಲ್ಲಿ ಕಟ್ಟಿದರು. ಮನೆ ಉಳಿಯಿತು. ಲೈಸೆನ್ಸ್ ಹೋಯಿತು. ಆ ಇಬ್ಬರಿಗೂ ನೋಟಿಸುಗಳು ಹೋದವು.

ಮುಂದೊಂದು ದಿನ ಕಲ್ಯಾಣಕ್ಕೆ ಹೋದಾಗ ಮೇಸ್ತ್ರಿ ಯಾರದೋ ಕಾಂಪೌಂಡ್ ಗೋಡೆಗೆ ದಿನಗೂಲಿಯ ಮೇಲೆ ಕಲ್ಲು ಇಡುತ್ತಿದ್ದರು.

‘ಹ್ಯಾಂಗ ನಡದದ ಮೇಸ್ತ್ರಿ?’ ಎಂದೆ. ಅಷ್ಟರಲ್ಲಿ ನನಗೂ ಅವರ ಮಾತು ಅಂಟಿತ್ತು.

‘ಊಟಕ್ಕ ತ್ರಾಸಿಲ್ರಿ. ಗುತ್ತೇದಾರ್ ಮಂದಿಗೆ ಸಲಾಂ ಅಂದ್ರ ವಾಪಸ್ ಬರಾಂಗಿಲ್ಲ, ಅಷ್ಟ.’ ಕಲ್ಲಿನ ಮೇಲೆ ಗಾರೆ ಸವರಿ, ‘ಮಗಳ ನಿಕಾಹ್‌ಗೆ ಒಬ್ಬರೂ ಬರಲಿಲ್ಲ’ ಎಂದರು. ನಾನು ಗೆದ್ದ ಕೇಸು ಅದು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ೧೯೮೬ರಲ್ಲಿ ವೀರಶೆಟ್ಟಿ ಮತ್ತೆ ಮೆಟ್ಟಿಲು ಹತ್ತಿ ಬಂದ. ಈ ಸಲ ಮಾವಿನಹಣ್ಣು ಇಲ್ಲ. ಮೇಸ್ತ್ರಿ ಕೂತಿದ್ದ ಕುರ್ಚಿಯಲ್ಲೇ ಕೂತ. ಅವನೂ ಈಗ ಲೈಸೆನ್ಸ್ ಮಾಡಿಸಿಕೊಂಡಿದ್ದ. ರಿಟರ್ನ್ ತುಂಬಿಕೊಡಿ ಎಂದು ಬಿಲ್ಲುಗಳನ್ನು ಮುಂದಿಟ್ಟ. ಒಂದೇ ವರ್ಷದಲ್ಲಿ ಆರು ಊರು, ಆರು ಕೆಲಸ.

‘ಎಲ್ಲ ನಿಮ್ಮದೇನಾ?’

ಅವನು ಕಿಟಕಿಯ ಕಡೆ ನೋಡಿದ. ‘ಎರಡು ನನ್ನವು. ಉಳದವು ಹೆಸರಿನವು. ನಮ್ಮವರ ಬಂದು ಕೇಳ್ತಾರ್ರಿ, ಹ್ಯಾಂಗ ಇಲ್ಲ ಅನ್ನಬೇಕು?’

ಮೇಸ್ತ್ರಿಯ ಆ ಸಹಿಯಿಲ್ಲದ ಅರ್ಜಿ ನನ್ನ ಡ್ರಾಯರಿನಲ್ಲೇ ಇತ್ತು. ತೆಗೆದು ಅವನ ಮುಂದಿಟ್ಟೆ. ಓದಿದ, ಮಡಚಿದ, ಬಿಲ್ಲುಗಳನ್ನು ಎತ್ತಿಕೊಂಡು ಇಳಿದು ಹೋದ. ಆ ನಾಲ್ಕು ಕೆಲಸ ಮಾತ್ರ ಅವನು ಬಿಡಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ದುಡ್ಡು ಯಾರ ಕಿಸೆಗೆ ಹೋಯಿತು ಎಂದು ಕಾನೂನು ಮೊದಲು ಕೇಳುವುದಿಲ್ಲ, ಯಾರ ಹೆಸರಿಗೆ ಬಂತು ಎಂದು ಕೇಳುತ್ತದೆ. ಕೊಟ್ಟ ದುಡ್ಡು ವಾಪಸ್ ಬಂದೀತು. ಕೊಟ್ಟ ಹೆಸರು ಬರುವಾಗ ಒಬ್ಬಂಟಿಯಾಗಿ ಬರುವುದಿಲ್ಲ, ಹಿಂದೆ ಹಲಗೆಯವನೂ ಬರುತ್ತಾನೆ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಹೀಗೆ ಸಹಿ ಹಾಕಿ ಕೂತಿದ್ದರೆ, ಏನಾಯಿತು ಎಂದು ಕೆಳಗೆ ಬರೆಯಿರಿ. ಗೆದ್ದದ್ದೂ ಬರೆಯಿರಿ, ಸೋತದ್ದೂ ಬರೆಯಿರಿ. ಒಂದೇ ವಿನಂತಿ: ಯಾರ ಹೆಸರನ್ನೂ ಹಾಕಬೇಡಿ.